ನಿನ್ನ ನಂಬರಿಗೆ ಬರುವ ಆರು ಅಂಕಿ

ಕೆಸರೆ, ಆಗಸ್ಟ್ ೧೪, ಶುಕ್ರವಾರ

ಅಮರ್,

ಕಳೆದ ಶನಿವಾರ, ಎಂಟನೇ ತಾರೀಖು, ಮಧ್ಯಾಹ್ನ ಒಂದು ಗಂಟೆ ನಲವತ್ತು ನಿಮಿಷಕ್ಕೆ ನೀನು ಐಶ್ವರ್ಯಳ ಖಾತೆಯನ್ನು ಅವಳಿಗೆ ಹೇಳದೆ ತೆರೆದೆ. ನರ್ಸಿಂಗ್ ಸೀಟಿಗೆ ಅವಳು ಬರೆದಿದ್ದ ಕಾಲೇಜುಗಳ ಪಟ್ಟಿಯಲ್ಲಿ ಮೊದಲನೆಯದನ್ನು ಕೆಳಗಿಳಿಸಿ, ಯಾವುದೋ ದೂರದ ಜಿಲ್ಲೆಯ ಖಾಸಗಿ ಕಾಲೇಜನ್ನು ಮೇಲಕ್ಕೆ ಹತ್ತಿಸಿದೆ. ಇದು ತಪ್ಪು. 'ಪ್ರಿಯ' ಎಂದು ಬರೆಯಲು ಕೈ ಬರಲಿಲ್ಲ, ಅದಕ್ಕೇ ಬರೀ ಹೆಸರು ಬರೆದಿದ್ದೇನೆ.

ಫೋನಿನಲ್ಲಿ ಹೇಳದೆ ಕಾಗದದ ಮೇಲೆ ಯಾಕೆ ಎಂದು ಕೇಳುತ್ತೀಯ. ನಿನ್ನ ವಾಟ್ಸಾಪ್ ಅಂಗಡಿಯ ಕಂಪ್ಯೂಟರಿನಲ್ಲಿ ಬೆಳಗ್ಗೆಯಿಂದ ಸಂಜೆಯವರೆಗೆ ತೆರೆದೇ ಇರುತ್ತದೆ. ಜಾತಿ ಪ್ರಮಾಣಪತ್ರಕ್ಕೆ ಸರದಿಯಲ್ಲಿ ನಿಂತವರೆಲ್ಲ ಅದರ ಮೇಲೆ ಕಣ್ಣಾಡಿಸುತ್ತಾರೆ. ನಾನೇ ಆಡಿಸಿದ್ದೇನೆ. ಇವತ್ತೇ ಬೇರೆಯವರ ಕೈಯಲ್ಲಿ ಕಳಿಸುವ ಈ ಲಕೋಟೆಗೆ ಗೋಂದು ಹಚ್ಚಿ, ಅಂಟಿಸಿದ ಅಂಚಿನ ಮೇಲೆ ಅಡ್ಡಲಾಗಿ ಸಹಿ ಹಾಕಿದ್ದೇನೆ. ಸಹಿಯ ಎರಡು ಭಾಗ ಸರಿಯಾಗಿ ಕೂಡದಿದ್ದರೆ ನಿನಗಿಂತ ಮೊದಲೇ ಯಾರೋ ಓದಿದ್ದಾರೆ ಎಂದು ತಿಳಿ. ನಗಬೇಡ. ಈ ವಾರ ನಾನು ಯಾರನ್ನೂ ನಂಬುವ ಸ್ಥಿತಿಯಲ್ಲಿಲ್ಲ. ಯಾಕೆ ಎಂದು ಮುಂದೆ ಹೇಳುತ್ತೇನೆ.

ಬುಧವಾರ ಅಣಕು ಹಂಚಿಕೆಯ ಫಲಿತಾಂಶ ಬಂತು. ನಿಜವಾದ ಸೀಟು ಕೊಡುವ ಮೊದಲು, ನೀವು ಬರೆದ ಪಟ್ಟಿಯ ಪ್ರಕಾರ ನಿಮಗೆ ಸಿಗುವುದು ಇದು ಎಂದು ತೋರಿಸುತ್ತಾರಲ್ಲ, ಅದು. ನೀನು ವರ್ಷಕ್ಕೆ ನೂರು ಮಕ್ಕಳಿಗೆ ತೆಗೆದುಕೊಡುತ್ತೀಯ, ನಿನಗೆ ಹೇಳಬೇಕಾಗಿಲ್ಲ. ಐಶ್ವರ್ಯ ನಮ್ಮ ಮನೆಯ ಮೆಟ್ಟಿಲ ಮೇಲೆ ಕೂತು ತನ್ನ ಫೋನಿನಲ್ಲಿ ಅದನ್ನು ನೋಡಿದಳು, ಬರೀ ನೋಡಲು ಅರ್ಜಿ ಸಂಖ್ಯೆ ಸಾಕು. ಮೇಲಿನಿಂದ ಕೆಳಗೆ ಎರಡು ಸಲ ಓದಿದಳು. "ನಾನ್ ಬರ್ದಿದ್ದು ಇದಲ್ಲ ಅಕ್ಕ," ಅಂದಳು. ಅಷ್ಟೇ. ತನ್ನ ಮನೆಗೆ ಹೋಗಿ ಜೂನ್‌ನಲ್ಲಿ ನಿನ್ನ ಅಂಗಡಿಯಲ್ಲೇ ತೆಗೆಸಿದ್ದ ಪ್ರಿಂಟನ್ನು ತಂದು ನನ್ನ ಕೈಗಿಟ್ಟಳು. ಅದರಲ್ಲಿ ಮೊದಲ ಸಾಲು ನಮ್ಮ ಊರಿನ ಸರ್ಕಾರಿ ಕಾಲೇಜು. ಫೋನಿನಲ್ಲಿ ಅದು ಐದನೆಯದು. ಕೊನೆಯ ಬದಲಾವಣೆ ಯಾವ ದಿನ, ಎಷ್ಟು ಗಂಟೆಗೆ ಎಂದು ಪುಟದ ಅಡಿಯಲ್ಲಿ ಸಣ್ಣ ಅಕ್ಷರದಲ್ಲಿತ್ತು.

ಮೇಲಿರುವುದು ಸಿಕ್ಕಿದರೆ ಕೆಳಗಿರುವುದನ್ನು ಯಂತ್ರ ನೋಡುವುದೇ ಇಲ್ಲ. ಆ ಖಾಸಗಿ ಕಾಲೇಜಿನ ಶುಲ್ಕ ಕಟ್ಟುವ ಮನೆಯಲ್ಲ ಅದು. ಸೀಟು ಬಿಟ್ಟರೆ ಈ ವರ್ಷ ಹೋಯಿತು. ವರ್ಷ ಹೋದರೆ ಅವಳ ಅಮ್ಮ ತಿಮ್ಮಮ್ಮ ಮಗಳನ್ನು ತಮ್ಮ ಜೊತೆಗೆ ಬೀದಿಯಲ್ಲಿ ಪೊರಕೆ ಹಿಡಿಯಲು ಕರೆದುಕೊಂಡು ಹೋಗುತ್ತಾರೆ. ಬೇಕೆಂದಲ್ಲ, ಬೇರೆ ದಾರಿ ಕಾಣದೆ. ಆ ಹುಡುಗಿಗೆ ನರ್ಸ್ ಆಗಬೇಕು ಅನ್ನಿಸಿದ್ದು ಯಾವಾಗ ಗೊತ್ತೇ? ಎರಡು ವರ್ಷದ ಹಿಂದೆ ಕಸದ ಚೀಲದಲ್ಲಿದ್ದ ಗಾಜು ತಿಮ್ಮಮ್ಮನ ಅಂಗೈ ಸೀಳಿತು. ದೊಡ್ಡಾಸ್ಪತ್ರೆಯಲ್ಲಿ ಹೊಲಿಗೆ ಹಾಕುತ್ತಿದ್ದ ನರ್ಸ್, "ನಿಮಗೆ ಗ್ಲೌಸ್ ಕೊಡಲ್ವೇನಮ್ಮ, ಕೊಡದಿದ್ದರೆ ಬರೆದುಕೊಡಿ ಅಂತ ಕೇಳಿ," ಅಂದಳಂತೆ. ತನ್ನ ಅಮ್ಮನಿಗೆ ಯಾರಾದರೂ ಬಹುವಚನ ಹಾಕಿ ಮಾತಾಡಿದ್ದನ್ನು ಆ ಹುಡುಗಿ ಅವತ್ತೇ ಮೊದಲು ಕೇಳಿದ್ದು.

ನಿನ್ನೆ ನಾನು ನಿನ್ನ ಅಂಗಡಿಗೆ ಬಂದೆ. ಎಂಟು ಜನ ನಿಂತಿದ್ದರು. ನಾನು ಕೌಂಟರಿನ ಮೇಲೆ ಜೂನ್‌ನ ಪ್ರಿಂಟನ್ನೂ ಈಗಿನ ಪಟ್ಟಿಯ ಪ್ರಿಂಟನ್ನೂ ಅಕ್ಕಪಕ್ಕ ಇಟ್ಟು, ಎಲ್ಲರಿಗೂ ಕೇಳುವ ಹಾಗೆ, ಇದನ್ನು ಯಾರು ಮಾಡಿದ್ದು ಎಂದು ಕೇಳಿದೆ. ನೀನು ಸುಳ್ಳು ಹೇಳುತ್ತೀಯ ಎಂದುಕೊಂಡಿದ್ದೆ. ಸುಳ್ಳು ಹೇಳಿದ್ದರೆ ನನಗೆ ಸುಲಭವಾಗುತ್ತಿತ್ತು. ನೀನು ಕೀಲಿಮಣೆಯಿಂದ ಕೈ ತೆಗೆಯದೆ ಹೇಳಿದೆ: "ಆ ರ್‍ಯಾಂಕಿಗೆ ಸರ್ಕಾರಿದು ಸಿಗಾಕಿಲ್ಲ ಕಣೇ ಅನು. ಕೈಗೆ ಬರೋದನ್ನ ಮೇಲಿಟ್ಟೆ. ಒಳ್ಳೇದಕ್ಕೇ ಮಾಡ್ದೆ. ಬೇಡ ಅಂದ್ರೆ ತಿರುಗ ಹಾಕ್ಕೊಡ್ತೀನಿ ಬುಡು, ಅದ್ಕೇನಂತೆ."

ಅದಕ್ಕೇನಂತೆ! ಸರದಿಯಲ್ಲಿದ್ದ ಪ್ರೇಮಮ್ಮ ನಿನ್ನ ಪರವಾಗಿ, "ಅವ್ನು ಯಾರ್ಗೂ ಕೆಟ್ಟದ್ ಬಯಸಲ್ಲ ಕಣಮ್ಮ, ನೀನ್ಯಾಕೆ ಪೊಲೀಸ್ ತರ ಆಡ್ತೀಯ," ಅಂದರು. ನಾನು ಪ್ರಿಂಟುಗಳನ್ನು ಮಡಚಿಕೊಂಡು ಹೊರಗೆ ಬಂದೆ.

ದಾರಿಯುದ್ದಕ್ಕೂ ಯೋಚಿಸಿದೆ. ಸಿಗದ ಕಾಲೇಜನ್ನು ಮೊದಲು ಬರೆದರೆ ನಷ್ಟವಿಲ್ಲ, ಸಿಗದಿದ್ದರೆ ಯಂತ್ರ ಎರಡನೆಯದಕ್ಕೆ ಹೋಗುತ್ತದೆ. ಇದು ನನಗೇ ಗೊತ್ತಿರುವಾಗ ನಿನಗೆ ಗೊತ್ತಿಲ್ಲವೇ? ಏಳು ವರ್ಷದಿಂದ ಇದೇ ಕೆಲಸ ಮಾಡುವವನಿಗೆ? ಹಾಗಾದರೆ ಒಳ್ಳೆಯದು ಯಾರಿಗೆ ಮಾಡಿದೆ? ಒಬ್ಬ ವಿದ್ಯಾರ್ಥಿಯನ್ನು ಕಳಿಸಿದರೆ ಇಷ್ಟು ಎಂದು ಕೊಡುವ ಏಜೆಂಟರು ಈ ಊರಿನಲ್ಲಿ ಇದ್ದಾರೆ. ನಾನು ಕೆಲಸ ಮಾಡುವ ಕುವೆಂಪುನಗರದ ಕ್ಲಿನಿಕ್ಕಿಗೂ ಅಂಥವನೊಬ್ಬ ಬಂದು ಕರಪತ್ರ ಇಟ್ಟುಹೋಗುತ್ತಾನೆ. ನಿನ್ನ ಕೌಂಟರಿನ ಗಾಜಿನ ಕೆಳಗೂ ಆ ಬಣ್ಣದ ಕರಪತ್ರ ಕಂಡ ನೆನಪು. ನಿನ್ನೆ ನೋಡಿದಾಗ ಅಲ್ಲಿ ಗಾಜಿನ ಕೆಳಗೆ ಖಾಲಿ ಚೌಕವೊಂದಿತ್ತು, ಸುತ್ತ ಧೂಳು. ಯಾವಾಗ ತೆಗೆದೆ? ಯಾಕೆ ತೆಗೆದೆ?

ನೋಡು, ಒಳ್ಳೆಯದಕ್ಕೆ ಮಾಡಿದೆ ಅನ್ನುವ ಮಾತಿನ ಮೇಲೆ ನನಗೆ ಮೊದಲಿನಿಂದಲೂ ಗುಮಾನಿ. ನಮ್ಮ ಅಜ್ಜಂದಿರ ಹೆಬ್ಬೆಟ್ಟು ಒತ್ತಿಸಿಕೊಂಡವರೆಲ್ಲ ಹಾಗೇ ಹೇಳಿದ್ದರು. ಕಾಗದ ಓದಲು ಬರದವನ ಕೈ ಹಿಡಿದು ಒತ್ತಿಸಿದವನಿಗೂ, ಪಾಸ್‌ವರ್ಡ್ ನೆನಪಿಡಲು ಬರದವಳ ಪರವಾಗಿ ಒತ್ತುವವನಿಗೂ ಏನು ವ್ಯತ್ಯಾಸ? ಇದೇ ಸಾಲನ್ನು ಒಂದು ಕಾಲಕ್ಕೆ ನೀನೂ ನಾನೂ ಓದು ಬಳಗದ ಒಂದೇ ಬೆಂಚಿನ ಮೇಲೆ ಕೂತು ಒಪ್ಪಿಕೊಂಡಿದ್ದೆವು. ನಿನ್ನ ಸ್ಕೂಟರಿನ ಹಿಂದೆ ಕಿರುಹೊತ್ತಿಗೆಗಳ ಕಟ್ಟು ಹಿಡಿದು ನಾನು ಟೌನ್‌ಹಾಲಿನ ಮುಂದೆ, ಉದಯಗಿರಿಯ ಸಂತೆಯಲ್ಲಿ ನಿಂತಿದ್ದೇನೆ. ಬಿಸಿಲಿನಲ್ಲಿ ನಿನ್ನ ದನಿ ಎದ್ದರೆ ಟೀ ಕುಡಿಯುತ್ತಿದ್ದವರೂ ಲೋಟ ಇಟ್ಟು ನೋಡುತ್ತಿದ್ದರು. ಆಮೇಲೆ ನಿನ್ನ ಅಪ್ಪ ಮಂಟಯ್ಯನವರು ಹಾಸಿಗೆ ಹಿಡಿದರು, ನೀನು ಅಂಗಡಿ ಹಾಕಿದೆ, ಓದುವುದು ಬಿಟ್ಟೆ. ಬಿಟ್ಟದ್ದನ್ನು ನಾನು ತಪ್ಪು ಅನ್ನಲಿಲ್ಲ. ಆದರೆ ನಿನ್ನ ಹೊಸ ಪುಸ್ತಕವನ್ನು ತಪ್ಪು ಅಂದೆ.

ಆ ಉದ್ದನೆಯ ಬೈಂಡ್ ಪುಸ್ತಕ. ಕೆಸರೆಯ ಆರುನೂರು ಜನರ ಹೆಸರು, ಹುಟ್ಟಿದ ದಿನ, ತಾಯಿಯ ಹೆಸರು, ಮೇಲ್ ಐಡಿ, ಪಾಸ್‌ವರ್ಡ್. 'ತಿಮ್ಮಮ್ಮ, ಕೆಂಪು ಗೇಟು.' 'ಚಾಮುಂಡೇಶ್ವರಿ, ಟೈಲರ್, ಎರಡು ಅಕೌಂಟು.' ಜನ ತಮ್ಮ ಪಾಸ್‌ವರ್ಡ್ ಕೇಳಲು ನಿನ್ನ ಹತ್ತಿರ ಬರುತ್ತಾರೆ. ಸಿಮ್ಮಿಗೆ ರೀಚಾರ್ಜ್ ಇರುವುದಿಲ್ಲ, ನಂಬರು ಬದಲಾಗುತ್ತಿರುತ್ತದೆ ಎಂದು ಎಲ್ಲ ಅರ್ಜಿಗಳಿಗೂ ನಿನ್ನದೇ ನಂಬರು ಕೊಟ್ಟಿದ್ದೀಯ. ಅವರ ಖಾತೆಯ ಬಾಗಿಲು ತೆರೆಯಲು ಬರುವ ಆರು ಅಂಕಿ ನಿನ್ನ ಜೇಬಿನಲ್ಲಿ ಟಿಂಗ್ ಅನ್ನುತ್ತದೆ.

ಆದರೆ ಒಂದನ್ನು ಬರೆಯದಿದ್ದರೆ ಈ ಕಾಗದ ಅರ್ಧ ಸುಳ್ಳಾಗುತ್ತದೆ. ಆ ಪುಸ್ತಕದ ಮೊದಲ ನೂರು ಹೆಸರು ನನ್ನ ಕೈಬರಹದಲ್ಲಿವೆ. ಬುದ್ಧ ವಿಹಾರದ ಜಗಲಿಯಲ್ಲಿ ವಿದ್ಯಾರ್ಥಿವೇತನದ ಅರ್ಜಿ ತುಂಬಿಸುತ್ತಿದ್ದ ಆ ಜುಲೈನಲ್ಲಿ ಸ್ಕೇಲಿಟ್ಟು ಗೆರೆ ಎಳೆದವಳು ನಾನು. ಹೆಸರಿನ ಮೊದಲ ನಾಲ್ಕು ಅಕ್ಷರ, ಮುಂದೆ ಹುಟ್ಟಿದ ವರ್ಷ ಎಂಬ ಸೂತ್ರ ಹೇಳಿಕೊಟ್ಟವಳೂ ನಾನೇ. ಎಲ್ಲರಿಗೂ ನೆನಪಿರುತ್ತದೆ ಎಂದು ಹೆಮ್ಮೆಪಟ್ಟಿದ್ದೆ. ಎಲ್ಲರಿಗೂ ಅಂದರೆ ಕಳ್ಳನಿಗೂ ಎಂದು ಆಗ ಹೊಳೆದಿರಲಿಲ್ಲ. ನಂತರ ಕಿರುಹೊತ್ತಿಗೆಗಳಲ್ಲಿ ಓದಿ ಕಲಿತೆ, ಕಲಿತದ್ದನ್ನು ನಿನ್ನ ಮುಖಕ್ಕೆ ಹಿಡಿದೆ. ನನ್ನ ನೂರು ಸಾಲಿನ ವಿಷಯ ಮಾತ್ರ ಎತ್ತಲಿಲ್ಲ.

ಈ ಮೇ ತಿಂಗಳಲ್ಲಿ ನಾನು ವಿಹಾರದಲ್ಲಿ ಭಾನುವಾರದ ತರಗತಿ ಶುರು ಮಾಡಿದ್ದು ನಿನ್ನ ಪುಸ್ತಕವನ್ನು ಮುಚ್ಚಿಸಲು. ಒಂಬತ್ತು ಹೆಂಗಸರು ಬಂದರು. ಪಾಸ್‌ವರ್ಡ್‌ಗಳನ್ನೆಲ್ಲ ಬೀಗ ಹಾಕಿ ಇಡುವ ಆ್ಯಪನ್ನು ಅವರ ಫೋನಿಗೆ ಹಾಕಿಸಬೇಕು, ಒಂದೇ ಒಂದು ದೊಡ್ಡ ಕೀಲಿಯನ್ನು ಅವರು ನೆನಪಿಟ್ಟರೆ ಸಾಕು, ಉಳಿದದ್ದನ್ನೆಲ್ಲ ಅದು ಕಾಯುತ್ತದೆ ಎಂಬುದು ನನ್ನ ಲೆಕ್ಕ. ಯಾವ ಆ್ಯಪ್ ಎಂದು ಆರಿಸಲು ಒಂದೂವರೆ ತಿಂಗಳು ತೆಗೆದುಕೊಂಡೆ. ಮದುವೆಗೆ ಗಂಡು ನೋಡಿದ್ದರೂ ಇಷ್ಟು ವಿಚಾರಿಸುತ್ತಿರಲಿಲ್ಲ ಎಂದು ಅಮ್ಮ ರೇಗಿಸಿದಳು. ಮಾಡಿದವರು ಯಾರು, ಪುಕ್ಕಟೆ ಕೊಡುವವರು ಪ್ರತಿಯಾಗಿ ಏನು ತೆಗೆದುಕೊಳ್ಳುತ್ತಾರೆ, ಒಳಗಿನ ಬರವಣಿಗೆಯನ್ನು, ಅಂದರೆ ಕೋಡನ್ನು, ಬೇರೆ ಜಾಣರು ತೆರೆದು ಪರೀಕ್ಷಿಸಬಹುದೇ, ಹಿಂದೆ ಕಳ್ಳತನ ಆದಾಗ ಒಪ್ಪಿಕೊಂಡರೋ ಮುಚ್ಚಿಟ್ಟರೋ, ತಿಮ್ಮಮ್ಮನ ಒಡೆದ ಗಾಜಿನ ಹಳೇ ಫೋನಿನಲ್ಲಿ ಓಡುತ್ತದೆಯೇ? ಒಂದು ಆ್ಯಪ್ ಚೆನ್ನಾಗಿತ್ತು. ಆದರೆ 'ಮುಖ್ಯ ಕೀಲಿ ಮರೆತರೆ ಚಿಂತೆಯಿಲ್ಲ, ನಾವೇ ತೆರೆದುಕೊಡುತ್ತೇವೆ' ಎಂದು ಬರೆದಿತ್ತು. ಅಲ್ಲಿಗೇ ಬಿಟ್ಟೆ. ನಾವೇ ತೆರೆದುಕೊಡುತ್ತೇವೆ ಅನ್ನುವವರ ಹತ್ತಿರ ಇನ್ನೊಂದು ಕೀಲಿ ಇದೆ. ಮರೆತರೆ ಮುಗಿಯಿತು, ನಮ್ಮಿಂದಲೂ ಆಗದು ಎಂದು ನೇರವಾಗಿ ಹೇಳಿದ ಆ್ಯಪನ್ನು ಆರಿಸಿದೆ. ಕೀಲಿಯನ್ನು ಒಂದು ಚೀಟಿಯಲ್ಲಿ ಬರೆದು ಅಕ್ಕಿ ಡಬ್ಬಿಯಲ್ಲೋ ಟ್ರಂಕಿನಲ್ಲೋ ಇಡಿ, ಯಾರಿಗೂ ತೋರಿಸಬೇಡಿ ಎಂದು ಹೇಳಿದೆ.

ತಿಮ್ಮಮ್ಮ ಅವತ್ತೇ ಒಂದು ಮಾತು ಅಂದಿದ್ದರು. "ಅಮರನ ಪುಸ್ತಕದಾಗಿದ್ರೆ ಒಬ್ರ ಮುಖ ನೋಡ್ಕಂಡು ಕೇಳ್ಬೌದು ಕಣವ್ವ. ಮರ್ತ್ರೂ ಬಯ್ತಾನೆ, ಕೊಡ್ತಾನೆ. ಈ ಫೋನ್ನ ಮುಖ ನೋಡಿ ಏನ್ ಕೇಳನ?" ಹೆಂಗಸರೆಲ್ಲ ನಕ್ಕರು. ಆದರೂ ಪಾಠ ಮುಂದುವರಿಸಿದೆ.

ಎರಡು ಕಡೆ ಎಡವಿದೆ. ಮೊದಲನೆಯದು ನನಗೆ ಬುಧವಾರ ಗೊತ್ತಾಯಿತು. ಹಳೆಯ ಪಾಸ್‌ವರ್ಡ್‌ಗಳನ್ನು ನಿನ್ನ ಪುಸ್ತಕದಿಂದ ಬರೆದುಕೊಂಡು ಬಂದು ಆ್ಯಪಿಗೆ ತುಂಬಿಸಿದೆವೇ ಹೊರತು, ಒಂದನ್ನೂ ಬದಲಾಯಿಸಲಿಲ್ಲ. ಬಾಗಿಲಿಗೆ ಅದೇ ಬೀಗ, ಕೀಲಿಗೆ ಮಾತ್ರ ಹೊಸ ಪೆಟ್ಟಿಗೆ. ಇನ್ನೊಂದು ಕೀಲಿ ನಿನ್ನ ಪುಸ್ತಕದಲ್ಲಿ ಹಾಗೇ ಕೂತಿತ್ತು. ಅದಕ್ಕೇ ನೀನು ಶನಿವಾರ ಸಲೀಸಾಗಿ ಒಳಗೆ ಹೋದೆ.

ಎರಡನೆಯದು ನಿನ್ನೆ ಗೊತ್ತಾಯಿತು. ಎಂದೂ ಮರೆಯದ ನಾಲ್ಕಾರು ಪದ ಸೇರಿಸಿ ಮುಖ್ಯ ಕೀಲಿ ಮಾಡಿಕೊಳ್ಳಿ ಎಂದಿದ್ದೆ. ಅಂಗಡಿಯಿಂದ ಬಂದವಳೇ ತಿಮ್ಮಮ್ಮನಿಗೆ ಮೊದಲು ನಿಮ್ಮ ಕೀಲಿ ಬದಲಾಯಿಸೋಣ ಎಂದೆ. ಅವರು ಅಕ್ಕಿ ಡಬ್ಬಿಯ ಚೀಟಿ ತಂದು ಕೊಟ್ಟರು. ವಿಹಾರದಲ್ಲಿ ನಾವು ಎದ್ದು ನಿಂತು ಕೈಮುಗಿದು ಮೊದಲು ಹೇಳುವ ಸಾಲು. ಪಕ್ಕದಲ್ಲಿದ್ದ ಅನಸೂಯಕ್ಕ, "ಅಯ್ಯೋ, ನಂದೂ ಅದೇಯ," ಅಂದರು. ಕೇಳುತ್ತಾ ಹೋದೆ. ಒಂಬತ್ತರಲ್ಲಿ ಎಂಟು ಜನರದ್ದು ಅದೇ ಸಾಲು! ಟೈಲರ್ ಚಾಮುಂಡೇಶ್ವರಿ ಮಾತ್ರ ತನ್ನ ನಾಲ್ಕು ನಾದಿನಿಯರ ಹೆಸರು ಇಟ್ಟಿದ್ದಳು. "ಸಾಯೋಗಂಟ ಮರಿಯಂಗಿಲ್ಲ ಬುಡಿ," ಅಂದಳು. ವಿಹಾರದಲ್ಲಿ ಕೂತು, ವಿಹಾರದ ಗೋಡೆ ನೋಡುತ್ತ, ಎಂದೂ ಮರೆಯದ ಪದ ಆರಿಸಿ ಎಂದರೆ ಅವರು ಇನ್ನೇನು ಆರಿಸುತ್ತಾರೆ? ಅದನ್ನು ಮುಂಚೆಯೇ ಕಾಣಬೇಕಾದವಳು ನಾನು. ಯಾರಿಗೂ ತೋರಿಸಬೇಡಿ ಎಂದು ಅಷ್ಟು ಒತ್ತಿ ಹೇಳಿದ್ದರಿಂದ ಎರಡು ತಿಂಗಳು ಒಬ್ಬರಿಗೊಬ್ಬರಿಗೆ ಗೊತ್ತೇ ಆಗಿರಲಿಲ್ಲ. ಆದರೆ ನಮ್ಮ ಬೀದಿಯ ಯಾವ ಮಗುವಾದರೂ ಊಹಿಸಿ ಎಂಟು ಮನೆಯ ಪೆಟ್ಟಿಗೆ ತೆರೆಯಬಹುದಿತ್ತು.

ಈಗ ನನ್ನ ತಪ್ಪಿಗೆ ಬರುತ್ತೇನೆ. ಇಷ್ಟು ಹೊತ್ತು ಅದರ ಸುತ್ತಲೇ ಬರೆಯುತ್ತಿದ್ದೆ.

ನಿನ್ನೆ ಸಂಜೆ ಐದೂವರೆಗೆ ವಿಹಾರದ ಮೆಟ್ಟಿಲ ಮೇಲೆ ಕೂತು ನಾನು ನಿನ್ನ ಮೇಲ್ ತೆರೆದೆ. ನಮ್ಮ ಓದು ಬಳಗದ ದಿನಗಳಲ್ಲಿ, ಒಬ್ಬರಿಂದೊಬ್ಬರಿಗೆ ಗುಟ್ಟು ಇರಬಾರದು ಎಂದು ಇಬ್ಬರೂ ಪಾಸ್‌ವರ್ಡ್ ಹೇಳಿಕೊಂಡಿದ್ದೆವು. ನನ್ನದನ್ನು ನಾನು ಬದಲಾಯಿಸಿ ನಾಲ್ಕು ವರ್ಷವಾಯಿತು. ನಿನ್ನದು ಬದಲಾಗಿರುತ್ತದೆ, ತೆರೆಯುವುದಿಲ್ಲ, ಸುಮ್ಮನೆ ನೋಡೋಣ ಎಂದು ನನಗೆ ನಾನೇ ಹೇಳಿಕೊಂಡು ಹೊಡೆದೆ. ತೆರೆಯಿತು. ಆಗಲೇ ಮುಚ್ಚಬಹುದಿತ್ತು, ಮುಚ್ಚಲಿಲ್ಲ. 'ನರ್ಸಿಂಗ್' ಎಂದು ಹುಡುಕಿದೆ. ಮೂರು ಮೇಲ್ ಬಂತು, ಮೂರನ್ನೂ ಓದಿದೆ. ನಿನಗೆ ಕೇಳಲಿಲ್ಲ, ಹೇಳಲಿಲ್ಲ. ನೀನು ಐಶ್ವರ್ಯಳಿಗೆ ಮಾಡಿದ್ದೂ ಇದೇ. ನಾನೂ ಒಳ್ಳೆಯದಕ್ಕೇ ಮಾಡಿದೆ, ನೋಡು.

ಮೂರೂ ಆ ಕಾಲೇಜಿನ ಏಜೆಂಟನದು. ಜುಲೈನಲ್ಲಿ ಎರಡು, ಆಗಸ್ಟ್ ಆರಕ್ಕೆ ಒಂದು. ಒಬ್ಬ ವಿದ್ಯಾರ್ಥಿಯನ್ನು ಸೇರಿಸಿದರೆ ನಿನಗೆ ಏನು ಸಿಗುತ್ತದೆ ಎಂದು ನೇರವಾಗಿಯೇ ಬರೆದಿದ್ದಾನೆ. ನೀನು ಮೂರಕ್ಕೂ ಉತ್ತರ ಬರೆದಿಲ್ಲ. ಹೂಂ ಅಂದಿಲ್ಲ. ಬೇಡ ಅಂತಲೂ ಅಂದಿಲ್ಲ. ಆರಕ್ಕೆ ಮೂರನೆಯ ಮೇಲ್, ಎಂಟಕ್ಕೆ ಪಟ್ಟಿ ಬದಲು. ನಿನ್ನೆಯಿಂದ ಇದನ್ನೇ ತಿರುವಿ ನೋಡುತ್ತಿದ್ದೇನೆ. ಬೇಡದವನು ಒಂದು ಸಾಲು ಬರೆದು ಮುಗಿಸುತ್ತಾನೆ ಅನ್ನಿಸುತ್ತದೆ. ನೀನು ಯಾರ ಮೇಲ್‌ಗೂ ಉತ್ತರ ಬರೆಯುವವನಲ್ಲ, ನನ್ನದಕ್ಕೇ ಬರೆದಿಲ್ಲ ಎಂದೂ ಅನ್ನಿಸುತ್ತದೆ. ಫೋನಿನಲ್ಲಿ ಮಾತಾಡಿದ್ದರೆ? ಗಾಜಿನ ಕೆಳಗಿನ ಕರಪತ್ರ ತೆಗೆದವನು ನಾಚಿ ತೆಗೆದನೋ, ಅಡಗಿಸಲು ತೆಗೆದನೋ? ಕದ್ದು ಓದಿದ್ದರಿಂದ ನನಗೆ ಸಿಕ್ಕಿದ್ದು ಇನ್ನಷ್ಟು ಅನುಮಾನ, ಅಷ್ಟೇ.

ಹೊಸ ಫೋನಿನಿಂದ ಯಾರೋ ಒಳಗೆ ಬಂದಿದ್ದಾರೆ ಎಂದು ನಿನಗೆ ಎಚ್ಚರಿಕೆ ಬಂದಿರುತ್ತದೆ. ನೋಡಿರಬಹುದು. ನೋಡಿ ಸುಮ್ಮನಿದ್ದೀಯೋ, ನೋಡಿಯೇ ಇಲ್ಲವೋ, ಅದೂ ನನಗೆ ತಿಳಿಯದು. ಎಚ್ಚರಿಕೆ ಬಾರದೆ ಇದ್ದಿದ್ದರೂ ನಾನು ಹೇಳುತ್ತಿದ್ದೆ. ನಂಬುವುದು ಬಿಡುವುದು ನಿನಗೆ ಬಿಟ್ಟಿದ್ದು. ನಿನ್ನನ್ನು ಎಂಟು ಜನರ ಮುಂದೆ ಕೇಳಿದೆನಲ್ಲ, ಬೇಕಿದ್ದರೆ ನನ್ನನ್ನೂ ಅಷ್ಟೇ ಜನರ ಮುಂದೆ ಕೇಳು. ಬಂದು ನಿಲ್ಲುತ್ತೇನೆ.

ಆ ಪಾಸ್‌ವರ್ಡಿನ ಬಗ್ಗೆ ಒಂದು ಮಾತು. ಬಳಗದ ಮೊದಲ ಸಭೆಯ ತಾರೀಖು, ಅದರ ಮುಂದೆ ನೀನು ಮಾತ್ರ ನನ್ನನ್ನು ಕರೆಯುತ್ತಿದ್ದ ಹೆಸರು. ಇಷ್ಟು ವರ್ಷ ಬದಲಾಯಿಸದೆ ಇಟ್ಟದ್ದು ಸೋಮಾರಿತನವೋ ಬೇರೆಯೋ ಎಂದು ನಾನು ಕೇಳುವುದಿಲ್ಲ. ಕೇಳುವ ಹಕ್ಕನ್ನು ನಿನ್ನೆ ಐದೂವರೆಗೆ ಕಳೆದುಕೊಂಡೆ. ಬೆರಳು ಅದನ್ನು ಹೊಡೆಯುವಾಗ ಒಂದು ಕ್ಷಣ ನಿಂತಿತ್ತು ಎಂದಷ್ಟೇ ಹೇಳುತ್ತೇನೆ. ಇವತ್ತೇ ಬದಲಾಯಿಸು. ಯಾರೂ ಊಹಿಸಲಾಗದ್ದನ್ನು ಇಡು. ನನಗೆ ಹೇಳಬೇಡ.

ಈಗ ಮಾಡಬೇಕಾದ ಕೆಲಸ. ಪಟ್ಟಿ ತಿದ್ದಲು ಸೋಮವಾರ ಬೆಳಗ್ಗೆ ಹನ್ನೊಂದರವರೆಗೆ ಸಮಯವಿದೆ. ಐಶ್ವರ್ಯಳ ಖಾತೆ ತೆರೆಯಬೇಕಾದರೆ ಆರು ಅಂಕಿ ಬೇಕು, ಅದು ನಿನ್ನ ನಂಬರಿಗೇ ಬರುತ್ತದೆ. ಆ ನಂಬರನ್ನು ತೆಗೆದು ಅವಳದನ್ನು ಹಾಕಬೇಕಾದರೂ ಮೊದಲು ನಿನ್ನ ನಂಬರಿಗೇ ಬರುತ್ತದೆ. ನೀನೇ ಅಂಗಡಿಯಲ್ಲಿ ಕೂತು ತಿರುಗಿ ಹಾಕುವುದು ನನಗೆ ಬೇಡ. ಅಂಕಿಗಳನ್ನು ಫೋನಿನಲ್ಲಿ ಓದಿ ಹೇಳುವುದೂ ಬೇಡ, ಹಾಗೆ ಹೇಳಿದ್ದನ್ನು ಹೇಳಿದಂತೆ ಒತ್ತುವ ಅಭ್ಯಾಸವೇ ನಮ್ಮನ್ನು ಇಲ್ಲಿಗೆ ತಂದಿದೆ. ನೀನು ಬರಬೇಕು. ಐಶ್ವರ್ಯ ತನ್ನ ಫೋನಿನಲ್ಲಿ, ತನ್ನ ಬೆರಳಿನಿಂದ, ತನ್ನ ಅಮ್ಮನ ಎದುರಿಗೆ ಬದಲಾಯಿಸಬೇಕು. ಪಾಸ್‌ವರ್ಡನ್ನು ಆ್ಯಪ್ ತಾನೇ ಹುಟ್ಟಿಸಲಿ, ಯಾರ ಬಾಯಲ್ಲೂ ನಿಲ್ಲದಂಥದ್ದು. ನಾನು ಫೋನು ಮುಟ್ಟುವುದಿಲ್ಲ. ನೀನೂ ಮುಟ್ಟಬೇಡ.

ಪುಸ್ತಕವನ್ನೂ ತಾ. ಸುಡಲು ಅಲ್ಲ, ಹೆದರಬೇಡ. ಸುಟ್ಟರೆ ನಾಳೆಯಿಂದ ಆರುನೂರು ಜನ ತಮ್ಮ ಖಾತೆಯ ಹೊರಗೆ ನಿಲ್ಲುತ್ತಾರೆ, ಅಷ್ಟು ಬುದ್ಧಿ ನನಗಿದೆ. ನನ್ನ ಕೈಬರಹದ ಆ ನೂರು ಸಾಲಿನಿಂದ ಶುರು ಮಾಡೋಣ. ಒಬ್ಬೊಬ್ಬರನ್ನೇ ಕರೆದು, ಅವರದನ್ನು ಅವರ ಕೈಗೆ ಕೊಟ್ಟು, ಸಾಲಿಗೆ ಅಡ್ಡಗೆರೆ ಎಳೆಯೋಣ. ಬೇಡ, ನಮ್ಮದು ಅಮರನ ಹತ್ತಿರವೇ ಇರಲಿ ಅನ್ನುವವರೂ ಇರುತ್ತಾರೆ. ಅವರಿಗೆ ಏನು ಹೇಳಬೇಕು ಎಂದು ನನ್ನ ಯಾವ ಕಿರುಹೊತ್ತಿಗೆಯಲ್ಲೂ ಇಲ್ಲ. ನೀನೇ ಹೇಳು.

ನೀನು ಬಾರದೆ ಇರಬಹುದು. ಅದೇ ನನ್ನ ಭಯ. ಸರದಿಯ ಮುಂದೆ ಅವಮಾನ ಮಾಡಿದೆ, ಮನೆಗೆ ನುಗ್ಗಿದಂತೆ ಮೇಲ್‌ಗೆ ನುಗ್ಗಿದೆ, ಈಗ ಬಾ ಎಂದು ಬರೆಯುತ್ತಿದ್ದೇನೆ. ನಿನ್ನ ಜಾಗದಲ್ಲಿ ನಾನಿದ್ದರೆ ಬರುತ್ತಿದ್ದೆನೋ ಇಲ್ಲವೋ. ನನ್ನ ತಪ್ಪನ್ನು ಈ ಕಾಗದದಿಂದ ಬಿಟ್ಟುಬಿಟ್ಟಿದ್ದರೆ ನೀನು ಬರುವ ಸಾಧ್ಯತೆ ಹೆಚ್ಚಿತ್ತು. ಅದನ್ನೂ ಯೋಚಿಸಿದೆ. ಅರ್ಧ ಪುಟ ಹಾಗೆ ಬರೆದು ಹರಿದೆ. ಆ ಹುಡುಗಿಯ ಸೀಟನ್ನು ಇನ್ನೊಂದು ಮುಚ್ಚುಮರೆಯ ಮೇಲೆ ಕಟ್ಟಲು ಮನಸ್ಸು ಬರಲಿಲ್ಲ. ನನ್ನ ಮೇಲಿನ ಸಿಟ್ಟನ್ನು ನನ್ನ ಮೇಲೆಯೇ ತೀರಿಸಿಕೋ, ಅವಳ ಮೇಲೆ ಬೇಡ.

ಏಜೆಂಟನ ವಿಷಯ ಎಲ್ಲರ ಮುಂದೆ ಎತ್ತುವುದಿಲ್ಲ. ಕೆಲಸ ಮುಗಿದ ಮೇಲೆ ನೀನಾಗಿಯೇ ಹೇಳಿದರೆ ಕೇಳುತ್ತೇನೆ. ನಂಬುತ್ತೇನೆ ಎಂದು ಈಗಲೇ ಮಾತು ಕೊಡಲಾರೆ.

ನಾಳೆ ಆಗಸ್ಟ್ ಹದಿನೈದು. ಪರೇಡ್ ಮುಗಿದ ಮೇಲೆ ಮೈದಾನ ಗುಡಿಸುವವರ ಪಟ್ಟಿಯಲ್ಲಿ ತಿಮ್ಮಮ್ಮನ ಹೆಸರಿದೆ, ಅವರಿಗೆ ಬಿಡುವಿಲ್ಲ. ಅವರಿಲ್ಲದೆ ಇದು ಆಗಬಾರದು. ಅದಕ್ಕೇ ಭಾನುವಾರ. ಮಂಟಯ್ಯನವರಿಗೆ ಮಾತ್ರೆ ಕೊಟ್ಟು, ತಿಂಡಿ ಮುಗಿಸಿಕೊಂಡೇ ಬಾ, ಅವಸರವಿಲ್ಲ. ಸಿಮ್ಮಿಗೆ ರೀಚಾರ್ಜ್ ಇದೆಯೇ ನೋಡಿಕೋ. ನಿನ್ನ ಮನೆಯಲ್ಲಿ ಎಲ್ಲರೂ ಸುಖವಾಗಿರಲಿ. ನಿನ್ನ ಅಂಗಡಿಯೂ ಉಳಿಯಲಿ, ಅದನ್ನು ಮನಸ್ಸಿನಿಂದಲೇ ಬರೆಯುತ್ತಿದ್ದೇನೆ.

ಜೈ ಭೀಮ್.

ಇನ್ನೂ ಪೂರ್ತಿ ನಂಬದ, ಆದರೂ ಕಾಯುವ,
ಅನುಪಮಾ

ಭಾನುವಾರ, ಆಗಸ್ಟ್ ೧೬, ಬೆಳಗ್ಗೆ ಹತ್ತೂವರೆ. ತಿಮ್ಮಮ್ಮನ ಮನೆ, ಕೆಂಪು ಗೇಟು.